ಗ್ಯಾರೇಜ್ ಪ್ರಶ್ನೋತ್ತರ: ಹಳೆ ಕಾರಿಗೆ ಕಾಯಿಲ್ ಪ್ಯಾಕ್

ಒಂದೇ ಕಾಯಿಲ್‌ನ ಕಿಡಿಯನ್ನು ಸಿಲಿಂಡರುಗಳಿಗೆ ಸರದಿಯಂತೆ ಹಂಚುವ ಡಿಸ್ಟ್ರಿಬ್ಯೂಟರ್ ತೆಗೆದು, ಒಂದೊಂದು ಕಾಯಿಲ್ ಎರಡು ಸಿಲಿಂಡರಿಗೆ ಒಟ್ಟಿಗೇ ಕಿಡಿ ಕೊಡುವ, ಬೇರೆ ಎಂಜಿನ್ನಿನ ಕಾಯಿಲ್ ಪ್ಯಾಕ್ ಕೂರಿಸುವ ಬಗ್ಗೆ ಹಲವರು ಕೇಳಿದ್ದಾರೆ. ಒಂದೇ ತರಹದ ಪತ್ರಗಳನ್ನು ಸೇರಿಸಿ ಈ ಸಲದ ಅಂಕಣವನ್ನು ಪೂರ್ತಿ ಅದಕ್ಕೇ ಬಿಟ್ಟಿದ್ದೇವೆ.

ಪ್ರಶ್ನೆ: ನನ್ನದು 1960ರ ದಶಕದ ನಾಲ್ಕು ಸಿಲಿಂಡರ್ ಕಾರು. ಪಾಯಿಂಟ್ಸ್ (ಕಾಯಿಲ್‌ನ ಕರೆಂಟು ಕೂಡಿಸಿ ಕಡಿಯುವ ಸ್ವಿಚ್ಚು), ಕಂಡೆನ್ಸರ್ ಇರುವ ಮಾಮೂಲಿ ಡಿಸ್ಟ್ರಿಬ್ಯೂಟರ್. ಗುಜರಿಯಲ್ಲಿ ಫೋರ್ಡ್ ಕಾರಿನ ಕಾಯಿಲ್ ಪ್ಯಾಕ್ ಸಿಕ್ಕಿತು. ಹಳೆ ಕಾಯಿಲ್ ಬಿಚ್ಚಿ ಇದನ್ನು ನೇರವಾಗಿ ಪಾಯಿಂಟ್ಸ್‌ಗೆ ಕೊಡಬಹುದೆ?

ಉತ್ತರ: ಬೇಡ. ಹತ್ತು ನಿಮಿಷದಲ್ಲಿ ಪಾಯಿಂಟ್ಸೂ ಹೋಗುತ್ತದೆ, ಕಾಯಿಲ್ಲೂ ಹೋಗುತ್ತದೆ. ಹಳೆ ಕಾಯಿಲ್‌ನ ಪ್ರೈಮರಿ ಸುತ್ತು (ಬ್ಯಾಟರಿ ಕರೆಂಟು ಹರಿಯುವ ಸುತ್ತು) ಸುಮಾರು 3 ಓಮ್. ಬ್ಯಾಲಸ್ಟ್ (ಕರೆಂಟು ತಗ್ಗಿಸುವ ರೆಸಿಸ್ಟರ್) ಇರುವ ಕಾರುಗಳಲ್ಲಿ ಕಾಯಿಲ್ ಒಂದೂವರೆ, ಬ್ಯಾಲಸ್ಟ್ ಒಂದೂವರೆ. ಎಷ್ಟು ಹೊತ್ತು ಪಾಯಿಂಟ್ಸ್ ಕೂಡಿಕೊಂಡಿದ್ದರೂ ಕರೆಂಟು 4 ಆಂಪಿಯರ್ ಆಸುಪಾಸಿನಲ್ಲೇ ನಿಲ್ಲುತ್ತದೆ. ಕಾಯಿಲ್ ಪ್ಯಾಕಿನ ಪ್ರೈಮರಿ ಬರೀ ಅರ್ಧ ಓಮ್. ಅದನ್ನು ಲಗಾಮಿಲ್ಲದೆ ಬಿಟ್ಟರೆ 13.5 ವೋಲ್ಟ್‌ಗೆ 27 ಆಂಪಿಯರ್ ಎಳೆಯುತ್ತದೆ.

ಲೆಕ್ಕ ನೋಡಿ. ಐಡ್ಲಿಂಗ್ 800 ಆರ್‌ಪಿಎಂ ಇದ್ದಾಗ ಎರಡು ಕಿಡಿಗಳ ನಡುವೆ 37.5 ಮಿಲಿಸೆಕೆಂಡ್ ಅಂತರ. ಅದರಲ್ಲಿ ಮೂರನೇ ಎರಡು ಭಾಗ, ಅಂದರೆ 25 ಮಿಲಿಸೆಕೆಂಡ್, ಪಾಯಿಂಟ್ಸ್ ಮುಚ್ಚಿರುತ್ತದೆ. 3 ಮಿಲಿಹೆನ್ರಿ, ಅರ್ಧ ಓಮ್‌ನ ಕಾಯಿಲ್‌ಗೆ 7 ಆಂಪಿಯರ್ ತುಂಬಲು ಬೇಕಾದದ್ದು 1.8 ಮಿಲಿಸೆಕೆಂಡ್ ಮಾತ್ರ. ಉಳಿದ 23 ಮಿಲಿಸೆಕೆಂಡ್ ಅದು ಸುಮ್ಮನೆ ಬಿಸಿಯಾಗುತ್ತಾ ಕೂತಿರುತ್ತದೆ, ಸುಡುವುದು ಆಗಲೇ. ಆದ್ದರಿಂದ ಕಾಯಿಲ್ ಪ್ಯಾಕ್‌ಗೆ ಎಷ್ಟು ಹೊತ್ತು ಕರೆಂಟು ಕೊಡಬೇಕು, ಯಾವ ಕ್ಷಣಕ್ಕೆ ಕಡಿಯಬೇಕು ಎಂದು ಹೇಳುವ ಒಂದು ಎಲೆಕ್ಟ್ರಾನಿಕ್ ಯಜಮಾನ ಬೇಕೇ ಬೇಕು. ಕೆಳಗಿನ ಉತ್ತರಗಳೆಲ್ಲ ಸುತ್ತಿ ಬರುವುದು ಈ ಎರಡು ವಿಷಯಕ್ಕೇ. ಕಾಯಿಲ್ ಹೊಂದಿಸುವುದು ಈ ಕೆಲಸದಲ್ಲಿ ಎಲ್ಲಕ್ಕಿಂತ ಸುಲಭದ ಭಾಗ.

ಪ್ರಶ್ನೆ: ಹಾಗಾದರೆ ದಾನಿ ಕಾರಿನಿಂದ, ಅಂದರೆ ಕಾಯಿಲ್ ಪ್ಯಾಕ್ ಕೊಡುವ ಗುಜರಿ ಕಾರಿನಿಂದ, ಏನೇನು ಬಿಚ್ಚಿಕೊಂಡು ಬರಬೇಕು?

ಉತ್ತರ: ಕಾರ್ಬುರೇಟರ್ ಉಳಿಸಿಕೊಂಡು ಇಗ್ನಿಷನ್ ಮಾತ್ರ ಬದಲಿಸುವವರಿಗೆ 1990ರ ದಶಕದ ಫೋರ್ಡ್ ಎಸ್ಕಾರ್ಟ್, ಫಿಯೆಸ್ಟಾಗಳಲ್ಲಿದ್ದ ಎಡಿಸ್-4 ಎಂಬ ವ್ಯವಸ್ಥೆ ಇವತ್ತಿಗೂ ಒಳ್ಳೆಯ ಆಯ್ಕೆ. ಏಕೆಂದರೆ ಡ್ವೆಲ್ ಲೆಕ್ಕವನ್ನು, ಅಂದರೆ ಕಾಯಿಲ್ ತುಂಬುವ ಹೊತ್ತನ್ನು, ಅದರ ಮಾಡ್ಯೂಲೇ ನೋಡಿಕೊಳ್ಳುತ್ತದೆ. ತರಬೇಕಾದದ್ದು: ಕಾಯಿಲ್ ಪ್ಯಾಕ್, ಎಡಿಸ್ ಮಾಡ್ಯೂಲ್, ಕ್ರ್ಯಾಂಕ್ ಸೆನ್ಸರ್, ಅದರ ಬ್ರಾಕೆಟ್, ಪ್ಲಗ್ ವೈರ್‌ಗಳು, 36 ಹಲ್ಲಿನ ಜಾಗದಲ್ಲಿ 35 ಹಲ್ಲಿರುವ ಟ್ರಿಗರ್ ಚಕ್ರ (ಎಂಜಿನ್ನಿನ ಕ್ರ್ಯಾಂಕ್ ದಂಡದ ಜೊತೆ ತಿರುಗುವ, ಸೆನ್ಸರ್ ಹಲ್ಲು ಎಣಿಸುವ ಚಕ್ರ). ಮರೆಯಬಾರದ್ದು ಕನೆಕ್ಟರ್‌ಗಳು. ಪ್ರತಿ ಕನೆಕ್ಟರ್ ಹಿಂದೆ ಒಂದು ಗೇಣು ವೈರ್ ಬಿಟ್ಟೇ ಕತ್ತರಿಸಿ. ಮಾಡ್ಯೂಲ್ ಸಿಕ್ಕಿ ಕನೆಕ್ಟರ್ ಸಿಗದೆ ಒದ್ದಾಡುವವರೇ ಹೆಚ್ಚು.

ಇದರ ಮೇಲೆ, ಕಿಡಿಯ ಸಮಯ ಗೊತ್ತುಮಾಡುವ ಮೆಗಾಜೋಲ್ಟ್‌ನಂಥ ಒಂದು ಚಿಕ್ಕ ಕಂಟ್ರೋಲರ್ ಬೇಕು. ಕ್ರ್ಯಾಂಕ್ ತಿರುಗುವ ಸುದ್ದಿಯನ್ನು ಮಾಡ್ಯೂಲ್ ಕಂಟ್ರೋಲರ್‌ಗೆ ತಿಳಿಸುತ್ತದೆ. ಎಷ್ಟು ಅಡ್ವಾನ್ಸ್ ಬೇಕೆಂದು, ಅಂದರೆ ಪಿಸ್ಟನ್ ತುತ್ತತುದಿ ಮುಟ್ಟುವುದಕ್ಕಿಂತ ಎಷ್ಟು ಡಿಗ್ರಿ ಮೊದಲು ಕಿಡಿ ಬೇಕೆಂದು, ಕಂಟ್ರೋಲರ್ ಒಂದು ಪಲ್ಸ್‌ನ ಉದ್ದದಲ್ಲಿ ಮಾರುತ್ತರ ಕೊಡುತ್ತದೆ. 1536ರಿಂದ, ಅಡ್ವಾನ್ಸ್ ಡಿಗ್ರಿಯನ್ನು 25.6ರಿಂದ ಗುಣಿಸಿ ಕಳೆದರೆ ಮೈಕ್ರೊಸೆಕೆಂಡ್ ಲೆಕ್ಕದಲ್ಲಿ ಪಲ್ಸ್ ಉದ್ದ ಸಿಗುತ್ತದೆ. 10 ಡಿಗ್ರಿಗೆ 1280, 30 ಡಿಗ್ರಿಗೆ 768. ಈ ಪಲ್ಸ್ ಬಾರದೇ ಹೋದರೆ ಮಾಡ್ಯೂಲ್ ಕೈಕಟ್ಟಿ ಕೂರುವುದಿಲ್ಲ, ಟಿಡಿಸಿಗಿಂತ (ಪಿಸ್ಟನ್ ತುತ್ತತುದಿಯಲ್ಲಿರುವ ಬಿಂದುವಿಗಿಂತ) 10 ಡಿಗ್ರಿ ಮೊದಲು ಕಿಡಿ ಕೊಡುತ್ತಾ ಗಾಡಿಯನ್ನು ಮನೆ ಮುಟ್ಟಿಸುತ್ತದೆ. ಟೈಮಿಂಗ್ ಹೊಂದಿಸುವಾಗ ಇದೇ ಗುಣ ನಮಗೆ ಉಪಕಾರ. ಮುಂದಿನ ಉತ್ತರ ನೋಡಿ.

ಪ್ರಶ್ನೆ: ಟ್ರಿಗರ್ ಚಕ್ರವನ್ನು ಪುಲ್ಲಿಗೆ ಕೂರಿಸಿದ್ದೇನೆ. ಸೆಲ್ಫ್ ಹೊಡೆದರೆ ಕಿಡಿ ಬರುತ್ತದೆ, ಆದರೆ ಎಂಜಿನ್ ಕಾರ್ಬುರೇಟರ್ ಕಡೆಗೆ ಸೀನುತ್ತದೆ, ಹಿಡಿದುಕೊಳ್ಳುವುದಿಲ್ಲ. ಚಕ್ರದ ಯಾವ ಹಲ್ಲು ಎಲ್ಲಿರಬೇಕು?

ಉತ್ತರ: ಇಡೀ ಕೆಲಸದ ಪ್ರಾಣ ಇರುವುದು ಇಲ್ಲೇ. ಹಾಗಾಗಿ ನಿಧಾನವಾಗಿ ನೋಡೋಣ.

ಮೊದಲು ನಿಜವಾದ ಟಿಡಿಸಿ ಹುಡುಕಿ. ಹಳೆ ಪುಲ್ಲಿಯ ಗುರುತನ್ನು ನಂಬಬೇಡಿ. ರಬ್ಬರ್ ಕಚ್ಚಿಸಿದ ಎರಡು ತುಂಡಿನ ಪುಲ್ಲಿಯಾದರೆ ಹೊರಬಳೆ ವರ್ಷಗಳ ಮೇಲೆ ಜಾರಿರುತ್ತದೆ. ಒಂದನೇ ಸಿಲಿಂಡರಿನ ಪ್ಲಗ್ ತೂತಿಗೆ, ಪಿಸ್ಟನ್‌ಗೆ ತಾಗುವಷ್ಟು ಉದ್ದದ, ತುದಿ ನುಣ್ಣಗೆ ಮಾಡಿದ ಬೋಲ್ಟ್ ಹಾಕಿ. ಉಳಿದ ಪ್ಲಗ್ ಬಿಚ್ಚಿ, ಎಂಜಿನ್ನನ್ನು ಕೈಯಿಂದ ಮೆಲ್ಲಗೆ ತಿರುಗಿಸಿ. ಪಿಸ್ಟನ್ ಬೋಲ್ಟ್‌ಗೆ ತಾಗಿ ನಿಂತಲ್ಲಿ ಪುಲ್ಲಿಯ ಮೇಲೊಂದು ಗೀರು. ವಾಪಸು ಹಿಮ್ಮುಖ ತಿರುಗಿಸಿ ತಾಗಿದಲ್ಲಿ ಇನ್ನೊಂದು ಗೀರು. ಎರಡರ ನಟ್ಟನಡುವೆ ಟಿಡಿಸಿ. ಸೆಲ್ಫ್ ಮಾತ್ರ ಮುಟ್ಟಬೇಡಿ, ಪಿಸ್ಟನ್ ತೂತಾಗುತ್ತದೆ.

ಈಗ ಚಕ್ರ. ನಾಲ್ಕು ಸಿಲಿಂಡರಿನ ಎಡಿಸ್‌ಗೆ, ಎಂಜಿನ್ ಟಿಡಿಸಿಗಿಂತ 90 ಡಿಗ್ರಿ ಹಿಂದೆ ಇದ್ದಾಗ ಇಲ್ಲದ ಹಲ್ಲಿನ ಖಾಲಿ ಜಾಗ ಸೆನ್ಸರ್ ಎದುರು ಬರಬೇಕು. ಒಂದು ಹಲ್ಲಿಗೆ 10 ಡಿಗ್ರಿ. ಅಂದರೆ ಟಿಡಿಸಿಯಲ್ಲಿ ನಿಲ್ಲಿಸಿದಾಗ ಖಾಲಿ ಜಾಗ ಸೆನ್ಸರನ್ನು ದಾಟಿ ಹೋಗಿದ್ದು, ಅದರ ನಂತರದ ಒಂಬತ್ತನೇ ಹಲ್ಲಿನ ನಡುಮಧ್ಯ ಸೆನ್ಸರಿಗೆ ಮುಖ ಮಾಡಿರಬೇಕು. ಸೆನ್ಸರಿನಿಂದ ಎಂಜಿನ್ ತಿರುಗುವ ದಿಕ್ಕಿನಲ್ಲೇ ಮುಂದೆ ಎಣಿಸಿಕೊಂಡು ಹೋದರೆ ಖಾಲಿ ಜಾಗ ಸಿಗಬೇಕು. ಎಂಟನೇ ಹಲ್ಲು ಬಂದಿದ್ದರೆ ಟೈಮಿಂಗ್ 10 ಡಿಗ್ರಿ ತಡ: ಪಿಕಪ್ ಸತ್ತು ಸೈಲೆನ್ಸರ್ ವಿಪರೀತ ಬಿಸಿಯಾಗುತ್ತದೆ. ಹತ್ತನೇ ಹಲ್ಲಾದರೆ 10 ಡಿಗ್ರಿ ಮುಂಚೆ: ಸೆಲ್ಫ್ ಹೊಡೆದಾಗ ಎಂಜಿನ್ ಹಿಂದಕ್ಕೆ ಒದೆಯುತ್ತದೆ.

ನಿಮ್ಮ ತೊಂದರೆ ಒಂದು ಹಲ್ಲಿನದಲ್ಲ ಎಂದು ಅನ್ನಿಸುತ್ತದೆ. ಒಂಬತ್ತು ಹಲ್ಲನ್ನು ತಿರುಗುವ ದಿಕ್ಕಿಗೆ ಎದುರಾಗಿ ಎಣಿಸಿದ್ದೀರಿ. ಆಗ ಖಾಲಿ ಜಾಗ ಟಿಡಿಸಿ ಕಳೆದು 90 ಡಿಗ್ರಿಗೆ ಬರುತ್ತದೆ, ಒಟ್ಟು 180 ಡಿಗ್ರಿ ತಪ್ಪು. ನಾಲ್ಕು ಸಿಲಿಂಡರಿನಲ್ಲಿ ಅದರ ಫಲ ತಮಾಷೆಯಾಗಿದೆ: 1-4ಕ್ಕೆ ಹೋಗಬೇಕಾದ ಕಿಡಿ ಸರಿಯಾದ ಗಳಿಗೆಯಲ್ಲೇ 2-3ಕ್ಕೆ ಬೇಕಾಗಿರುತ್ತದೆ. ಚಕ್ರ ಬಿಚ್ಚುವ ಮುನ್ನ ಪರೀಕ್ಷೆಗೆಂದು ಎರಡು ಜೋಡಿ ಪ್ಲಗ್ ವೈರ್ ಅದಲು ಬದಲು ಮಾಡಿ ನೋಡಿ. ಎಂಜಿನ್ ಹಿಡಿದುಕೊಂಡರೆ ಇದೇ ಕಾರಣ. ಹಾಗೆಯೇ ಬಿಟ್ಟರೂ ಓಡುತ್ತದೆ, ಆದರೆ ಮುಂದೆ ಇನ್ನೊಬ್ಬ ಮೆಕ್ಯಾನಿಕ್ ತಲೆ ಕೆಡಿಸಿಕೊಳ್ಳದಿರಲಿ ಎಂದು ಸರಿ ಮಾಡಿಬಿಡುವುದೇ ಮೇಲು.

ಕೂರಿಸುವ ವಿಚಾರದಲ್ಲಿ ಎರಡು ಮಾತು. ಚಕ್ರ ಅಯಸ್ಕಾಂತಕ್ಕೆ ಅಂಟುವ ಉಕ್ಕಿನದಿರಬೇಕು. ಅಯಸ್ಕಾಂತಕ್ಕೆ ಅಂಟದ ಸ್ಟೇನ್‌ಲೆಸ್ ಹಾಳೆಯಲ್ಲಿ ಕತ್ತರಿಸಿದರೆ ಸೆನ್ಸರ್ ಕುರುಡು. ರಬ್ಬರ್ ಪುಲ್ಲಿಯಾದರೆ ಚಕ್ರವನ್ನು ಒಳಗಿನ ಹಬ್‌ಗೇ ಬಿಗಿಯಿರಿ, ಹೊರಬಳೆಗಲ್ಲ. ಸೆನ್ಸರಿಗೂ ಹಲ್ಲಿಗೂ ನಡುವೆ 0.75ರಿಂದ 1 ಮಿಲಿಮೀಟರ್ ಸಂದು. ಚಕ್ರದ ಓಲಾಟ 0.2 ಮಿಲಿಮೀಟರ್ ಮೀರದಿರಲಿ. ಬ್ರಾಕೆಟ್ ಗಟ್ಟಿ ಇರಲಿ. ತೆಳು ತಗಡಿನ ಬ್ರಾಕೆಟ್ ಐಡ್ಲಿಂಗ್‌ನಲ್ಲಿ ಚೆನ್ನಾಗಿಯೇ ಕಾಣುತ್ತದೆ, 4000ಕ್ಕೆ ಏರಿಸಿದಾಗ ನಡುಗಲು ಶುರು ಮಾಡುತ್ತದೆ.

ಎಲ್ಲ ಆದ ಮೇಲೆ ಕಂಟ್ರೋಲರ್‌ನ ಪಲ್ಸ್ ವೈರ್ ಕಳಚಿ ಎಂಜಿನ್ ಚಾಲೂ ಮಾಡಿ, ಟೈಮಿಂಗ್ ಲೈಟ್ ಹಿಡಿಯಿರಿ. ಆರ್‌ಪಿಎಂ ಎಷ್ಟೇ ಇದ್ದರೂ ಕರಾರುವಾಕ್ಕಾಗಿ 10 ಡಿಗ್ರಿ ತೋರಿಸಬೇಕು. 150 ಮಿಲಿಮೀಟರ್ ಅಗಲದ ಪುಲ್ಲಿಯ ಅಂಚಿನಲ್ಲಿ ಒಂದು ಡಿಗ್ರಿ ಎಂದರೆ 1.3 ಮಿಲಿಮೀಟರ್, 10 ಡಿಗ್ರಿಗೆ 13 ಮಿಲಿಮೀಟರ್ ಅಳೆದು ಬಿಳಿ ಬಣ್ಣದ ಗೆರೆ ಹಾಕಿಟ್ಟುಕೊಳ್ಳಿ. ಎರಡು ಡಿಗ್ರಿ ಆಚೀಚೆ ಇದ್ದರೆ ಸೆನ್ಸರ್ ಬ್ರಾಕೆಟ್ ಸರಿಸಿ ಹೊಂದಿಸಬೇಕು, ಕಂಟ್ರೋಲರ್‌ನಲ್ಲಿ ತೇಪೆ ಹಚ್ಚಬಾರದು.

ಪ್ರಶ್ನೆ: ಫೋಕ್ಸ್‌ವ್ಯಾಗನ್ ಬೀಟಲ್‌ಗೆ ಕಾಯಿಲ್ ಪ್ಯಾಕ್ ಹಾಕಿದೆ. ನೀವೆಲ್ಲ ಹೇಳುವಂತೆ 1-4, 2-3 ಜೋಡಿ ಮಾಡಿದ್ದೇನೆ. ಬರೀ ಬ್ಯಾಕ್ ಫೈರ್.

ಉತ್ತರ: ಅದು ಸಾಲಾಗಿ ನಿಂತ ನಾಲ್ಕು ಸಿಲಿಂಡರುಗಳ ಲೆಕ್ಕ. ಫೈರಿಂಗ್ ಆರ್ಡರ್ (ಸಿಲಿಂಡರುಗಳು ಉರಿಯುವ ಸರದಿ) 1-3-4-2 ಇರಲಿ, 1-2-4-3 ಇರಲಿ, ಅಲ್ಲಿ ಜೋಡಿ 1-4 ಮತ್ತು 2-3 ಆಗುತ್ತದೆ. ಗಾಳಿ ತಂಪಿನ ಬೀಟಲ್‌ನ ಆರ್ಡರ್ 1-4-3-2. ಜೋಡಿ ಕಂಡುಹಿಡಿಯುವ ಉಪಾಯ ಒಂದೇ: ಆರ್ಡರನ್ನು ಬರೆದು, ಅರ್ಧಕ್ಕೆ ಮಡಚಿ, ಮೇಲಿನದರ ಕೆಳಗೆ ಯಾವುದು ಬಂತು ನೋಡಿ. 1ರ ಕೆಳಗೆ 3, 4ರ ಕೆಳಗೆ 2. ನಿಮ್ಮ ಕಾರಿಗೆ 1-3, 2-4. ಸಾಲು ಆರು ಸಿಲಿಂಡರಿನ 1-5-3-6-2-4ಕ್ಕೆ ಇದೇ ಉಪಾಯದಲ್ಲಿ 1-6, 5-2, 3-4 ಬರುತ್ತದೆ.

ಪ್ಯಾಕಿನ ಯಾವ ಎರಡು ಕೊಂಬು (ಪ್ಲಗ್ ವೈರ್ ಸಿಕ್ಕಿಸುವ ತುದಿ) ಒಂದೇ ಕಾಯಿಲ್‌ನವು ಎಂಬುದನ್ನೂ ಕಣ್ಣಳತೆಯಲ್ಲಿ ಊಹಿಸಬೇಡಿ. ಮಲ್ಟಿಮೀಟರ್ ಹಿಡಿದರೆ ಜೋಡಿ ಕೊಂಬುಗಳ ನಡುವೆ ಹತ್ತು ಸಾವಿರ ಓಮ್ ಆಸುಪಾಸು ತೋರಿಸುತ್ತದೆ, ಬೇರೆ ಜೋಡಿಯ ಕೊಂಬಿಗೆ ಏನೂ ತೋರಿಸುವುದಿಲ್ಲ.

ಅಂದಹಾಗೆ, ಇದು ಹೊಸ ಕಾಲದ ಚಮತ್ಕಾರವೇನಲ್ಲ. ಸಿಟ್ರೊಯೆನ್ 2ಸಿವಿಗೆ ಡಿಸ್ಟ್ರಿಬ್ಯೂಟರ್ ಕ್ಯಾಪೇ ಇರಲಿಲ್ಲ. ಎರಡು ಕೊಂಬಿನ ಒಂದೇ ಕಾಯಿಲ್ ಎರಡೂ ಸಿಲಿಂಡರಿಗೆ ಒಟ್ಟಿಗೇ ಕಿಡಿ ಕೊಡುತ್ತಿತ್ತು. ಒಂದು ಕಿಡಿ ಕೆಲಸಕ್ಕೆ, ಇನ್ನೊಂದು ಸುಟ್ಟ ಹೊಗೆಯಲ್ಲಿ ದಂಡ.

ಪ್ರಶ್ನೆ: ಡಿಸ್ಟ್ರಿಬ್ಯೂಟರ್ ಹೋದರೆ ಅದರೊಳಗಿನ ತೂಕ, ಸ್ಪ್ರಿಂಗು, ವ್ಯಾಕ್ಯೂಮ್ ಡಬ್ಬಿ ಎಲ್ಲ ಹೋದವು. ಕಂಟ್ರೋಲರ್‌ನ ಅಡ್ವಾನ್ಸ್ ಮ್ಯಾಪ್ (ಯಾವ ಆರ್‌ಪಿಎಂ, ಯಾವ ಭಾರಕ್ಕೆ ಎಷ್ಟು ಅಡ್ವಾನ್ಸ್ ಎಂಬ ಕೋಷ್ಟಕ) ಎಲ್ಲಿಂದ ತುಂಬಲಿ?

ಉತ್ತರ: ನಿಮ್ಮ ಕಾರಿನ ವರ್ಕ್‌ಶಾಪ್ ಮ್ಯಾನ್ಯುಯಲ್‌ನಿಂದ. ಡಿಸ್ಟ್ರಿಬ್ಯೂಟರ್‌ನ ಅಡ್ವಾನ್ಸ್ ಪಟ್ಟಿ ಅದರಲ್ಲಿ ಇದ್ದೇ ಇರುತ್ತದೆ. ಆದರೆ ಆ ಅಂಕಿಗಳು ಡಿಸ್ಟ್ರಿಬ್ಯೂಟರ್ ಲೆಕ್ಕದವೋ ಕ್ರ್ಯಾಂಕ್ ಲೆಕ್ಕದವೋ ಮೊದಲು ಓದಿ. ಡಿಸ್ಟ್ರಿಬ್ಯೂಟರ್ ಕ್ರ್ಯಾಂಕಿನ ಅರ್ಧ ವೇಗದಲ್ಲಿ ತಿರುಗುವುದರಿಂದ ಡಿಗ್ರಿಯನ್ನೂ ಆರ್‌ಪಿಎಂನ್ನೂ ಎರಡರಿಂದ ಗುಣಿಸಬೇಕು. ಡಿಗ್ರಿ ಗುಣಿಸಿ ಆರ್‌ಪಿಎಂ ಮರೆಯುವವರು ಬಹಳ. ಪಟ್ಟಿಯಲ್ಲಿ 1700ಕ್ಕೆ 11 ಡಿಗ್ರಿ ಎಂದಿದ್ದರೆ ಕ್ರ್ಯಾಂಕಿಗೆ ಅದು 3400ಕ್ಕೆ 22 ಡಿಗ್ರಿ. ಸ್ಟ್ಯಾಟಿಕ್ ಟೈಮಿಂಗ್ (ಎಂಜಿನ್ ನಿಂತಿದ್ದಾಗ ಹೊಂದಿಸಿದ ಅಡ್ವಾನ್ಸ್) 8 ಇದ್ದರೆ ಒಟ್ಟು 30.

ಪಟ್ಟಿ ಸಿಗದಿದ್ದರೆ, ಸಾಧಾರಣ ಕಂಪ್ರೆಷನ್ನಿನ ಪುಷ್‌ರಾಡ್ ಎಂಜಿನ್ನಿಗೆ ಹುಷಾರಿನ ಆರಂಭ ಹೀಗಿರಲಿ: ಸೆಲ್ಫ್ ಹೊಡೆಯುವಾಗ 10 ಮೀರದಂತೆ, 900ಕ್ಕೆ 12, 1500ಕ್ಕೆ 16, 2500ಕ್ಕೆ 24, 3500 ಮತ್ತು ಮೇಲಕ್ಕೆ 28. ಇದು ಪೂರ್ತಿ ಆಕ್ಸಿಲರೇಟರ್ ಒತ್ತಿದಾಗಿನ ಸಾಲು. ಹಗುರ ಭಾರದಲ್ಲಿ ಸಾಗುವಾಗ ಇದರ ಮೇಲೆ 8ರಿಂದ 12 ಡಿಗ್ರಿ ಸೇರಿಸಬಹುದು. ಹಳೆ ವ್ಯಾಕ್ಯೂಮ್ ಡಬ್ಬಿ ಮಾಡುತ್ತಿದ್ದುದೂ ಅದನ್ನೇ. ಅದನ್ನು ಬಿಟ್ಟು ಒಂದೇ ಸಾಲನ್ನು ಎಲ್ಲ ಭಾರಕ್ಕೂ ನಕಲು ಮಾಡಿದ ಮ್ಯಾಪ್‌ಗಳನ್ನು ಆಗಾಗ ಕಾಣುತ್ತೇವೆ. ಗಾಡಿ ಓಡುತ್ತದೆ, ಪೆಟ್ರೋಲ್ ಮಾತ್ರ ಹೆಚ್ಚು ಕುಡಿಯುತ್ತದೆ.

ಹಳೆ ಪಟ್ಟಿಯಲ್ಲಿ ವ್ಯಾಕ್ಯೂಮ್ ಅಂಕಿ ಪಾದರಸದ ಇಂಚಿನಲ್ಲಿರುತ್ತದೆ, ಕಂಟ್ರೋಲರ್ ಕೇಳುವುದು ಮ್ಯಾನಿಫೋಲ್ಡ್ ಒಳಗೆ ಉಳಿದ ಒತ್ತಡ, ಕಿಲೋಪ್ಯಾಸ್ಕಲ್ ಲೆಕ್ಕದಲ್ಲಿ. ಒಂದು ಇಂಚಿಗೆ 3.39. ಸಮುದ್ರಮಟ್ಟದಲ್ಲಿ 15 ಇಂಚು ವ್ಯಾಕ್ಯೂಮ್ ಅಂದರೆ 101ರಿಂದ 51 ಕಳೆದು 50. ಸಾವಿರ ಮೀಟರ್ ಎತ್ತರದಲ್ಲಿ ಹೊರಗಿನ ಒತ್ತಡವೇ ಸುಮಾರು 90. ಹಾಗಾಗಿ ಅಲ್ಲಿ ಮ್ಯಾಪಿನ 100ರ ಸಾಲಿಗೆ ಎಂಜಿನ್ ಹೋಗುವುದೇ ಇಲ್ಲ. ಸೆನ್ಸರ್ ಕೆಟ್ಟಿದೆ ಎಂದುಕೊಳ್ಳಬೇಡಿ.

ವ್ಯಾಕ್ಯೂಮ್ ಪೈಪನ್ನು ಮ್ಯಾನಿಫೋಲ್ಡ್‌ನಿಂದಲೇ ತೆಗೆಯಿರಿ. ಕಾರ್ಬುರೇಟರ್ ಮೈಮೇಲೆ, ಡಿಸ್ಟ್ರಿಬ್ಯೂಟರ್‌ಗೆಂದೇ ಇದ್ದ ತೂತು ಥ್ರಾಟಲ್ ಚಿಟ್ಟೆಯ ಮೇಲ್ಭಾಗದಲ್ಲಿರುವುದರಿಂದ ಐಡ್ಲಿಂಗ್‌ನಲ್ಲಿ ಅಲ್ಲಿ ಎಳೆತವೇ ಇರುವುದಿಲ್ಲ. ಸಿಲಿಂಡರಿಗೊಂದು ಥ್ರಾಟಲ್ ಇರುವ ಎಂಜಿನ್ನಾದರೆ ವ್ಯಾಕ್ಯೂಮ್ ತೀರಾ ಕುಣಿಯುತ್ತದೆ. ಥ್ರಾಟಲ್ ಪೊಸಿಷನ್ ಸೆನ್ಸರ್ ಹಾಕುವುದು ಲೇಸು.

ಇನ್ನೊಂದು ಕಿವಿಮಾತು. 600ರ ಕಾಲಂನಲ್ಲಿ 16, 900ರಲ್ಲಿ 12 ಬರೆದು ನೋಡಿ. ಐಡ್ಲಿಂಗ್ ಬಿದ್ದಾಗ ಅಡ್ವಾನ್ಸ್ ಏರಿ ಎಂಜಿನ್ನನ್ನು ಎತ್ತಿಕೊಳ್ಳುತ್ತದೆ, ಹೆಚ್ಚಾದಾಗ ಇಳಿಸುತ್ತದೆ. ಡಿಸ್ಟ್ರಿಬ್ಯೂಟರ್‌ನ ತೂಕಗಳಿಗೆ ಇದು ಜನ್ಮದಲ್ಲಿ ಸಾಧ್ಯವಿಲ್ಲ. ಸೆಲ್ಫ್ ಹೊಡೆಯುವಾಗಿನ ಅಡ್ವಾನ್ಸನ್ನು ಬೇರೆಯೇ ಗೊತ್ತುಮಾಡುವ ಸೌಲಭ್ಯ ನಿಮ್ಮ ಕಂಟ್ರೋಲರ್‌ನಲ್ಲಿದ್ದರೆ ಮಾತ್ರ ಮಾಡಿ.

ಪ್ರಶ್ನೆ: ಬೇರೆ ಕಂಪನಿಯ ಕಾಯಿಲ್ ಪ್ಯಾಕ್‌ಗೆ ಪ್ರೋಗ್ರಾಂ ಮಾಡುವ ಇಸಿಯು (ಎಂಜಿನ್ ನಿಯಂತ್ರಿಸುವ ಚಿಕ್ಕ ಕಂಪ್ಯೂಟರ್) ಜೋಡಿಸಿದೆ. ಕೀ ತಿರುಗಿಸಿದ ಸ್ವಲ್ಪ ಹೊತ್ತಿಗೇ, ಎಂಜಿನ್ ಚಾಲೂ ಆಗುವ ಮೊದಲೇ, ಕಾಯಿಲ್ ಕೈ ಇಡಲಾಗದಷ್ಟು ಬಿಸಿಯಾಗಿ ಸೀಳಿಹೋಯಿತು. ಎರಡನೆಯದನ್ನು ಹಾಕಲು ಧೈರ್ಯ ಇಲ್ಲ.

ಉತ್ತರ: ಸ್ಪಾರ್ಕ್ ಔಟ್‌ಪುಟ್ ಉಲ್ಟಾ ಸೆಟ್ಟಿಂಗ್‌ನಲ್ಲಿದೆ. ಕಿಡಿ ಬೇಡದ ಹೊತ್ತೆಲ್ಲ ಕಾಯಿಲ್ ಆನ್ ಆಗಿ ಕೂತಿರುತ್ತದೆ. ಹೊಸ ಕಾಯಿಲ್ ಮುಟ್ಟುವ ಮುನ್ನ, ಅದರ ಜಾಗದಲ್ಲಿ 12 ವೋಲ್ಟಿನ 5 ವಾಟ್ ಬಲ್ಬ್ ಜೋಡಿಸಿ. ಒಂದು ತುದಿ ಪ್ಲಸ್‌ಗೆ, ಇನ್ನೊಂದು ಇಗ್ನಿಷನ್ ಟ್ರಾನ್ಸಿಸ್ಟರ್‌ಗೆ. ಕೀ ಆನ್ ಮಾಡಿದಾಗ ಬಲ್ಬ್ ಆರಿರಬೇಕು, ಸೆಲ್ಫ್ ಹೊಡೆದಾಗ ಮಿಣುಕಬೇಕು. ಕೀ ಆನ್ ಆದಕೂಡಲೇ ಬೆಳಗಿ ನಿಂತರೆ ಸೆಟ್ಟಿಂಗ್ ತಿರುಗಿಸಿ.

ನಿಮ್ಮ ಫ್ಯೂಸ್ ಎಷ್ಟರದು ಎಂದು ಬರೆದಿಲ್ಲ. 30 ಆಂಪಿಯರ್ ಇತ್ತೆಂದು ಕಾಣುತ್ತದೆ. 6000 ಆರ್‌ಪಿಎಂನಲ್ಲೂ ಎರಡು ಕಾಯಿಲ್ ಸೇರಿ ಸರಾಸರಿ ಎಳೆಯುವುದು 2 ಆಂಪಿಯರ್ ಒಳಗೆ. 10ರ ಫ್ಯೂಸ್ ಧಾರಾಳ ಸಾಕು, ಉಲ್ಟಾ ಆದಾಗ ಕಾಯಿಲ್‌ಗಿಂತ ಮೊದಲು ಅದು ಹಾರುತ್ತದೆ.

ಕಾಯಿಲ್ ಒಳಗೇ ಟ್ರಾನ್ಸಿಸ್ಟರ್ ಇದೆಯೋ ಇಲ್ಲವೋ ಎಂಬುದನ್ನೂ ಖಾತ್ರಿ ಮಾಡಿಕೊಳ್ಳಿ. ಎರಡು ಕಾಯಿಲ್‌ಗಳ ಪ್ಯಾಕ್‌ಗೆ ಮೂರು ಪಿನ್ ಇದ್ದರೆ ಸಾಮಾನ್ಯವಾಗಿ ಒಳಗೆ ಬರೀ ಸುತ್ತು. ನಾಲ್ಕಿದ್ದರೆ ಟ್ರಾನ್ಸಿಸ್ಟರ್ ಇರುವ ಸಂಭವ ಹೆಚ್ಚು. ಪ್ಲಸ್ ಪಿನ್‌ನಿಂದ ಟ್ರಿಗರ್ ಪಿನ್‌ಗೆ ಅಳೆಯಿರಿ, ಮೀಟರಿನ ವೈರ್‌ಗಳದ್ದೇ 0.2 ಓಮ್ ಇರುತ್ತದೆ, ಅದನ್ನು ಕಳೆಯಿರಿ. ಅರ್ಧ ಓಮ್ ಬಂದರೆ ಬರೀ ಸುತ್ತು, ಹೊರಗೆ ಟ್ರಾನ್ಸಿಸ್ಟರ್ ಬೇಕು. ಸಾವಿರಗಳಲ್ಲಿ ಬಂದರೆ ಒಳಗೇ ಇದೆ; ಆ ಪಿನ್‌ಗೆ 5 ವೋಲ್ಟಿನ ಸಿಗ್ನಲ್ ಸಾಕು, 12 ವೋಲ್ಟ್ ತಾಗಿಸಬೇಡಿ.

ಡ್ವೆಲ್ ಅಂಕಿಯನ್ನು ಬ್ಯಾಟರಿ ವೋಲ್ಟೇಜಿಗೆ ತಕ್ಕಂತೆ ಬರೆಯಬೇಕು. ಮೊದಲ ಉತ್ತರದ ಕಾಯಿಲ್‌ಗೆ 13.5 ವೋಲ್ಟ್‌ನಲ್ಲಿ 1.8 ಮಿಲಿಸೆಕೆಂಡ್ ಸಾಕಾದರೆ, ಸೆಲ್ಫ್ ಎಳೆದು 10 ವೋಲ್ಟ್‌ಗೆ ಇಳಿದಾಗ ಅದೇ 7 ಆಂಪಿಯರ್‌ಗೆ 2.6 ಬೇಕು. ಬೆಳಿಗ್ಗೆ ಮಾತ್ರ ಚಾಲೂ ಆಗಲು ಸತಾಯಿಸುವ ಗಾಡಿಗಳಲ್ಲಿ ಮೊದಲು ನೋಡಬೇಕಾದ್ದು ಈ ಪಟ್ಟಿಯನ್ನು. ಕಾಯಿಲ್‌ನ ಪ್ಲಸ್ ವೈರನ್ನು ಹಳೆ ಬ್ಯಾಲಸ್ಟ್ ವೈರ್‌ನಿಂದ ತೆಗೆಯಲೇಬಾರದು. ರಿಲೇ ಹಾಕಿ, ಬ್ಯಾಟರಿಯಿಂದ ಹೊಸ ವೈರ್ ಎಳೆಯಿರಿ. ಹಳೆ ಇಗ್ನಿಷನ್ ವೈರ್ ರಿಲೇಯನ್ನು ಎಬ್ಬಿಸಿದರೆ ಸಾಕು.

ಪ್ರಶ್ನೆ: ಡಿಸ್ಟ್ರಿಬ್ಯೂಟರ್ ಕಿತ್ತು ತೂತಿಗೆ ತಗಡು ಮುಚ್ಚಿದರೆ ಆಯಿತಲ್ಲವೆ?

ಉತ್ತರ: ಎಂಜಿನ್ ಯಾವುದು ಎಂಬುದರ ಮೇಲೆ ಹೋಗುತ್ತದೆ. ಷೆವ್ರೊಲೆ ಸ್ಮಾಲ್ ಬ್ಲಾಕ್ ವಿ8ನಂಥವುಗಳಲ್ಲಿ ಡಿಸ್ಟ್ರಿಬ್ಯೂಟರ್ ದಂಡದ ಕೆಳತುದಿಯೇ ಆಯಿಲ್ ಪಂಪನ್ನು ತಿರುಗಿಸುತ್ತದೆ. ಅದನ್ನು ಕಿತ್ತು ತಗಡು ಮುಚ್ಚಿ ಎಂಜಿನ್ ಚಾಲೂ ಮಾಡಿದರೆ ಆಯಿಲ್ ಒತ್ತಡ ಸೊನ್ನೆ, ಬೇರಿಂಗ್ ಗೋವಿಂದ. ಇಂಥ ಕಡೆ ಒಂದು ಸವೆದ ಡಿಸ್ಟ್ರಿಬ್ಯೂಟರ್ ತೆಗೆದುಕೊಂಡು, ದಂಡ, ಗೇರು, ಬುಷ್ ಉಳಿಸಿ, ಮೇಲಿನ ಬಟ್ಟಲನ್ನು ಲೇತ್‌ನಲ್ಲಿ ಕತ್ತರಿಸಿ, ಮೇಲೆ ಆಯಿಲ್ ಸೋರದ ಮುಚ್ಚಳ ಹಾಕಬೇಕು. ಪಂಪ್ ಬೇರೆ ಕಡೆಯಿಂದ ತಿರುಗುವ ಎಂಜಿನ್ನುಗಳಿಗೆ ಓ-ರಿಂಗ್ ಸಹಿತ ಮುಚ್ಚಳ ಸಾಕು. ಎರಡರಲ್ಲೂ ಮೊದಲ ಸಲ ಪ್ಲಗ್ ಬಿಚ್ಚಿಟ್ಟು ಸೆಲ್ಫ್ ಹೊಡೆದು, ಆಯಿಲ್ ದೀಪ ಆರುವುದನ್ನು ಕಣ್ಣಾರೆ ನೋಡಿಯೇ ಮುಂದಿನ ಕೆಲಸ.

ಪ್ರಶ್ನೆ: ಎಲ್ಲ ಚೆನ್ನಾಗಿದೆ, ಆರ್‌ಪಿಎಂ ಮೀಟರ್ ಮಾತ್ರ ಅರ್ಧ ತೋರಿಸುತ್ತಿದೆ.

ಉತ್ತರ: ಒಂದೇ ಕಾಯಿಲ್‌ನ ಮೈನಸ್‌ಗೆ ಜೋಡಿಸಿದ್ದೀರಿ. ಹಳೆ ಮೀಟರ್‌ಗೆ ಕ್ರ್ಯಾಂಕಿನ ಒಂದು ಸುತ್ತಿಗೆ ಎರಡು ಪಲ್ಸ್ ಬೇಕು, ಒಂದು ಕಾಯಿಲ್ ಕೊಡುವುದು ಒಂದೇ. ಎರಡೂ ಕಾಯಿಲ್‌ಗಳ ಮೈನಸ್‌ನಿಂದ ಒಂದೊಂದು 1ಎನ್4007 ಡಯೋಡ್ ತಂದು, ಬಿಳಿ ಪಟ್ಟಿ ಇರುವ ತುದಿಗಳನ್ನು ಸೇರಿಸಿ ಮೀಟರ್‌ಗೆ ಕೊಡಿ. ಕಾಯಿಲ್ ಕಡಿದಾಗ ಅಲ್ಲಿ ಮುನ್ನೂರು ನಾನೂರು ವೋಲ್ಟ್ ಏಳುತ್ತದೆ, ಆದ್ದರಿಂದ ಚಿಕ್ಕ ಸಿಗ್ನಲ್ ಡಯೋಡ್ ಹಾಕಬೇಡಿ. ಕಾಯಿಲ್‌ನ ಫೀಡ್ ವೈರ್ ಮೀಟರ್ ಮೂಲಕವೇ ಹಾದುಹೋಗುವ ಹಳೆ ಸ್ಮಿತ್ಸ್ ಮೀಟರ್‌ಗಳಿಗೆ ಈ ಉಪಾಯ ನಡೆಯದು. ಅವು ವೋಲ್ಟೇಜನ್ನಲ್ಲ, ಕರೆಂಟನ್ನು ಎಣಿಸುತ್ತವೆ. ಅವಕ್ಕೆ ಒಳಗಿನ ಸರ್ಕ್ಯೂಟ್ ಬದಲಿಸುವುದೇ ದಾರಿ.

ಪ್ರಶ್ನೆ: 4000 ತನಕ ಬೆಣ್ಣೆಯಂತೆ ಓಡುತ್ತದೆ, ಮೇಲೆ ಹೋದರೆ ಮಿಸ್ಸಿಂಗ್. ಕಾಯಿಲ್ ಬದಲಿಸಿದೆ, ಪ್ಲಗ್ ಬದಲಿಸಿದೆ, ಫಲವಿಲ್ಲ.

ಉತ್ತರ: ಕಾಯಿಲ್‌ನ ತಪ್ಪಲ್ಲ. 6000ದಲ್ಲೂ ಪ್ರತಿ ಕಾಯಿಲ್‌ಗೆ 10 ಮಿಲಿಸೆಕೆಂಡ್ ಬಿಡುವಿದೆ, ತುಂಬಲು 2 ಸಾಕು. ಕ್ರ್ಯಾಂಕ್ ಸೆನ್ಸರ್‌ನ ಸುದ್ದಿ ದಾರಿಯಲ್ಲಿ ಕಲಬೆರಕೆ ಆಗುತ್ತಿದೆ. ಮೊದಲ ಅನುಮಾನ ಸೆನ್ಸರ್‌ನ ಎರಡು ವೈರ್ ಅದಲು ಬದಲಾಗಿರುವುದು. ಸುರುಳಿ ಸೆನ್ಸರ್‌ಗೂ ಪ್ಲಸ್ ಮೈನಸ್ ಉಂಟು. ತಿರುಗಿಸಿ ಕೊಟ್ಟರೆ ಖಾಲಿ ಹಲ್ಲಿನ ಜಾಗದಲ್ಲಿ ಅಲೆ ತಪ್ಪು ಕಡೆ ಸೊನ್ನೆ ದಾಟುತ್ತದೆ, ವೇಗ ಏರಿದಂತೆ ಎಣಿಕೆ ತಪ್ಪುತ್ತದೆ. ವೈರ್ ಬದಲಿಸಿ ನೋಡಲು ಎರಡು ನಿಮಿಷ ಸಾಕು.

ಎರಡನೆಯದು ಶೀಲ್ಡ್. ಸೆನ್ಸರ್ ವೈರಿನ ಜಾಲರಿಯನ್ನು ಕಂಟ್ರೋಲರ್ ತುದಿಯಲ್ಲಿ ಮಾತ್ರ ಅರ್ತ್ ಮಾಡಿ, ಎರಡೂ ತುದಿ ಬೇಡ. ಆ ವೈರ್ ಪ್ಲಗ್ ವೈರ್‌ಗಳ ಪಕ್ಕದಲ್ಲಾಗಲಿ ಆಲ್ಟರ್ನೇಟರ್ ಬೆನ್ನ ಮೇಲಾಗಲಿ ಹೋಗದಿರಲಿ. ಮೂರನೆಯದು ಪ್ಲಗ್ ವೈರ್: ತಾಮ್ರದ ತಂತಿಯ ಹಳೆ ವೈರ್, ರೆಸಿಸ್ಟರ್ ಇಲ್ಲದ ಪ್ಲಗ್, ಇವೆರಡೂ ಸೇರಿದರೆ ಕಾರೇ ಒಂದು ರೇಡಿಯೋ ಸ್ಟೇಷನ್. ಪಾಯಿಂಟ್ಸ್ ಕಾಲದಲ್ಲಿ ಯಾರಿಗೂ ತೊಂದರೆ ಇರಲಿಲ್ಲ, ಈಗ ಕಂಟ್ರೋಲರ್‌ಗೆ ಇದೆ. ಸಪ್ರೆಷನ್ ಇರುವ ವೈರ್, ರೆಸಿಸ್ಟರ್ ಪ್ಲಗ್ ಹಾಕಿ. ಹೀಟ್ ರೇಂಜ್ ಹಳೆಯದೇ ಇರಲಿ. ಗ್ಯಾಪ್ 0.6 ಇದ್ದದ್ದನ್ನು 0.8ಕ್ಕೆ ಏರಿಸಿ, ಎಲ್ಲ ಸರಿ ಹೋದರೆ 0.9. ಅದಕ್ಕೂ ಮೇಲೆ ಹೋಗಿ ಲಾಭವಿಲ್ಲ, ವೈರ್‌ನ ನಿರೋಧಕಕ್ಕೆ ಪೆಟ್ಟು. ಜೋಡಿಯ ಒಂದು ಪ್ಲಗ್‌ನಲ್ಲಿ ಕಿಡಿ ಉಲ್ಟಾ ದಿಕ್ಕಿನಲ್ಲಿ ಹಾರುವುದರಿಂದ ಎರಡು ಪ್ಲಗ್‌ಗಳ ನಡುಕಡ್ಡಿ ಸವೆದರೆ ಇನ್ನೆರಡರ ಕೊಕ್ಕೆ ಸವೆಯುತ್ತದೆ, ಅದು ರೋಗವಲ್ಲ.

ಒಂದು ಎಚ್ಚರಿಕೆ: ಯಾವ ಸಿಲಿಂಡರ್ ಮಿಸ್ ಎಂದು ನೋಡಲು ಪ್ಲಗ್ ವೈರನ್ನು ಗಾಳಿಯಲ್ಲಿ ಎಳೆದಿಡಬೇಡಿ. ಜೋಡಿ ಪ್ಲಗ್‌ಗಳು ಒಂದೇ ಸರಪಣಿಯಲ್ಲಿರುವುದರಿಂದ ದಾರಿ ಕಾಣದ ಕಿಡಿ ಕಾಯಿಲ್ ಒಳಗೇ ಸೀಳಿಕೊಂಡು ಹೋಗುತ್ತದೆ, ಅಥವಾ ನಿಮ್ಮ ಕೈ ಹಾದು ಹೋಗುತ್ತದೆ. ಕಳಚಿದ ವೈರ್‌ಗೆ ಬೇರೆ ಪ್ಲಗ್ ಸಿಕ್ಕಿಸಿ ಅದರ ಲೋಹದ ಮೈಯನ್ನು ಎಂಜಿನ್ನಿಗೆ ಕ್ಲಿಪ್ ಮಾಡಿ.

ಪ್ರಶ್ನೆ: ಡಯಲ್ ಇರುವ ಟೈಮಿಂಗ್ ಲೈಟ್ ನನ್ನಲ್ಲಿ 30 ಡಿಗ್ರಿ ತೋರಿಸುತ್ತದೆ, ಕಂಟ್ರೋಲರ್ 15 ಎನ್ನುತ್ತದೆ. ಯಾವುದನ್ನು ನಂಬಲಿ?

ಉತ್ತರ: ಕಂಟ್ರೋಲರನ್ನು. ಲೈಟು ಎರಡು ಸುತ್ತಿಗೆ ಒಂದು ಕಿಡಿ ಎಂದುಕೊಂಡಿದೆ, ಇಲ್ಲಿ ಪ್ರತಿ ಸುತ್ತಿಗೂ ಒಂದಿದೆ. ಆದ್ದರಿಂದ ಸರಿಯಾಗಿ ದುಪ್ಪಟ್ಟು ತೋರಿಸುತ್ತದೆ. ಟೂ ಸ್ಟ್ರೋಕ್ ಸೆಟ್ಟಿಂಗ್ ಇದ್ದರೆ ಅದಕ್ಕೆ ಹಾಕಿ, ಇಲ್ಲದಿದ್ದರೆ ಡಯಲ್ ಸೊನ್ನೆಗಿಟ್ಟು ಪುಲ್ಲಿಯ ಗುರುತನ್ನೇ ಓದಿ. ಮಿನುಗು ತಪ್ಪಿತಪ್ಪಿ ಬಂದರೆ ಕ್ಲಿಪ್ಪನ್ನು ತಿರುಗಿಸಿ ಹಾಕಿ.

ಪ್ರಶ್ನೆ: ನಮ್ಮದು ಪಾಸಿಟಿವ್ ಅರ್ತ್ (ಬ್ಯಾಟರಿಯ ಪ್ಲಸ್ ತುದಿ ಬಾಡಿಗೆ ಸೇರಿರುವ) ಕಾರು, ಡೈನಮೋ ಇದೆ.

ಉತ್ತರ: ಮೊದಲು ನೆಗೆಟಿವ್ ಅರ್ತ್ ಮಾಡಿ, ಆಮೇಲೆ ಕಾಯಿಲ್ ಪ್ಯಾಕ್ ಮಾತು. ಬ್ಯಾಟರಿ ತಿರುಗಿಸಿ, ಡೈನಮೋದ ಫೀಲ್ಡ್‌ಗೆ ಹೊಸ ಧ್ರುವ ಹಿಡಿಸಿ, ಆಂಮೀಟರ್ ವೈರ್ ಬದಲಿಸಿ. ರೇಡಿಯೋ, ಎಲೆಕ್ಟ್ರಾನಿಕ್ ಆರ್‌ಪಿಎಂ ಮೀಟರ್ ಇದ್ದರೆ ಕಳಚಿಡಿ. ಡೈನಮೋ ಐಡ್ಲಿಂಗ್‌ನಲ್ಲಿ ಚಾರ್ಜ್ ಮಾಡುವುದಿಲ್ಲ. ಆಲ್ಟರ್ನೇಟರ್‌ಗೆ ಬದಲಿಸಿದರೆ ಕಂಟ್ರೋಲರ್‌ಗೂ ನೆಮ್ಮದಿ.

ಪ್ರಶ್ನೆ: ಪಾಯಿಂಟ್ಸ್ ಉಜ್ಜಿ ಉಜ್ಜಿ ಬೇಸರವಾಗಿದೆ. ಇಷ್ಟೆಲ್ಲ ಮಾಡುವುದು ಸಾರ್ಥಕವೆ?

ಉತ್ತರ: ಬೇಸರ ಪಾಯಿಂಟ್ಸ್ ಬಗ್ಗೆ ಮಾತ್ರವಾದರೆ ಇದು ನೆಗಡಿ ಬಂತೆಂದು ಮೂಗು ಕೊಯ್ದಂತೆ. ಡಿಸ್ಟ್ರಿಬ್ಯೂಟರ್ ಒಳಗೇ ಕೂರುವ ಎಲೆಕ್ಟ್ರಾನಿಕ್ ಮಾಡ್ಯೂಲ್ ಹಾಕಿ, ಅದಕ್ಕೆ ಹೇಳಿದ ಓಮ್‌ನ ಕಾಯಿಲ್ ಹಾಕಿ, ಅರ್ಧ ದಿನದಲ್ಲಿ ಮುಗಿಯುತ್ತದೆ. ದಂಡ ಅಲುಗಾಡಿ ಟೈಮಿಂಗ್ ನಿಲ್ಲುತ್ತಿಲ್ಲ, ಬುಷ್ ಸಿಗುತ್ತಿಲ್ಲ, ಕ್ಯಾಮ್ ಬದಲಿಸಿ ಹಳೆ ಅಡ್ವಾನ್ಸ್ ಹೊಂದುತ್ತಿಲ್ಲ, ಇಂಥವರಿಗೆ ಕಾಯಿಲ್ ಪ್ಯಾಕ್ ನಿಜವಾಗಿ ಫಲ ಕೊಡುತ್ತದೆ. ಮಾಡಿದರೆ ಡಿಕ್ಕಿಯಲ್ಲಿ ಒಂದು ಕ್ರ್ಯಾಂಕ್ ಸೆನ್ಸರ್, ಸಂದು ಅಳೆಯುವ ಫೀಲರ್ ಗೇಜ್, 10ರ ಎರಡು ಫ್ಯೂಸ್ ಸದಾ ಇಟ್ಟಿರಿ. ಪಾಯಿಂಟ್ಸ್ ಕೆಟ್ಟರೆ ಉಪ್ಪುಕಾಗದದಲ್ಲಿ ಉಜ್ಜಿ ಹೊರಡಬಹುದಿತ್ತು, ಸೆನ್ಸರ್ ಕೆಟ್ಟರೆ ಉಜ್ಜಲು ಏನೂ ಇರುವುದಿಲ್ಲ.